ದೇವರ ಮೇಲೆ ಆಣೆ ಇಡದೆ ಕುಡಿತ ಬಿಡುವುದು

ನವೆಂಬರ್ ಅರ್ಧ ಕಳೆಯುತ್ತಿದ್ದಂತೆ ನಮ್ಮ ಊರುಗಳಲ್ಲಿ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ವರ್ಷವಿಡೀ ಸಂಜೆಯಾದರೆ ಬಾರಿನ ಬಾಗಿಲಲ್ಲಿ ನಿಲ್ಲುತ್ತಿದ್ದವರು ಕಪ್ಪು ಪಂಚೆ ಉಟ್ಟು, ಕೊರಳಿಗೆ ಮಾಲೆ ಹಾಕಿಕೊಂಡು ಬರಿಗಾಲಲ್ಲಿ ಓಡಾಡುತ್ತಾರೆ. ನಸುಕಿಗೇ ತಣ್ಣೀರು ಸ್ನಾನ, ಸಂಜೆ ಭಜನೆ, ಹೊತ್ತಿಗೆ ಸರಿಯಾಗಿ ಊಟ. ಹೆಂಡತಿ ಮಕ್ಕಳೂ ‘ಸ್ವಾಮಿ’ ಎಂದೇ ಕರೆಯುತ್ತಾರೆ. 41 ದಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದೊಳಗೆ ಅವರಲ್ಲಿ ಅನೇಕರು ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಇದನ್ನು ನೋಡಿ ಭಕ್ತರು ಸ್ವಾಮಿಯ ಮಹಿಮೆ ಎನ್ನುತ್ತಾರೆ, ನಾಸ್ತಿಕರು ಬೂಟಾಟಿಕೆ ಎನ್ನುತ್ತಾರೆ. ನನಗೆ ಎರಡೂ ಅವಸರದ ಮಾತು ಎನಿಸುತ್ತದೆ. ಆ 41 ದಿನಗಳಲ್ಲಿ ನಿಜವಾಗಿ ನಡೆಯುವುದೇನು? ದಿನದ ಪ್ರತಿ ಗಂಟೆಗೂ ಒಂದು ಕೆಲಸ ಇರುತ್ತದೆ. ಜೊತೆಗೆ ಅದೇ ವ್ರತದಲ್ಲಿರುವ ಹತ್ತು ಜನ ಇರುತ್ತಾರೆ. ಮಾಲೆ ಕಂಡವರು ಯಾರೂ ‘ಒಂದು ಪೆಗ್ ಹಾಕು’ ಎಂದು ಒತ್ತಾಯಿಸುವುದಿಲ್ಲ. ಮನೆಯಲ್ಲಿ ಮರ್ಯಾದೆ ಸಿಗುತ್ತದೆ. ಮಾಲೆ ಕೊರಳಿನಿಂದ ಇಳಿದ ದಿನ ಇವೆಲ್ಲವೂ ಒಟ್ಟಿಗೆ ಇಳಿದುಹೋಗುತ್ತವೆ. ಉಳಿಯುವುದು ಹಳೆಯ ಸಂಜೆ, ಹಳೆಯ ಗೆಳೆಯರು, ಹಳೆಯ ಹೆಸರು. ದೇವರನ್ನು ನಂಬದವನು ಕುಡಿತ ಬಿಡಬೇಕೆಂದರೆ ಹುಡುಕಬೇಕಾದದ್ದು ಈ ಬಿಡಿಭಾಗಗಳನ್ನೇ. ಇವುಗಳಲ್ಲಿ ಯಾವುದೂ ಗರ್ಭಗುಡಿಯೊಳಗೆ ಮಾತ್ರ ಸಿಗುವಂಥದ್ದಲ್ಲ.

ಈ ವಿಷಯ ನನಗೆ ಹತ್ತಿರವಾದದ್ದು ಒಬ್ಬ ಗೆಳೆಯನಿಂದ. ಅವನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕುಡಿತ ಕೈಮೀರಿದಾಗ ಮನೆಯವರು ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ, ಮಧ್ಯಾಹ್ನ ಪ್ರವಚನ, ಸಂಜೆ ಭಜನೆ, ಕೊನೆಯ ದಿನ ದೇವರ ಫೋಟೊ ಮುಂದೆ ಆಣೆ. ‘ನನಗೆ ದೇವರಲ್ಲಿ ನಂಬಿಕೆ ಇಲ್ಲ, ನಂಬಿಕೆ ಇಲ್ಲದೆ ಮಾಡಿದ ಆಣೆ ಸುಳ್ಳಾಗುತ್ತದೆ’ ಎಂದು ಅವನು ಅಲ್ಲಿಯ ಮೇಲ್ವಿಚಾರಕರಿಗೆ ಹೇಳಿದ. ‘ಅದೇ ನಿನ್ನ ರೋಗ’ ಎಂಬ ಉತ್ತರ ಬಂತು. ಅವನು ಕೈಮುಗಿದ, ಆಣೆ ಮಾಡಿದ, ಮನೆಗೆ ಬಂದ ಹತ್ತನೆಯ ದಿನ ಕುಡಿದ. ಆ ರಾತ್ರಿ ಅವನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: ‘ಕುಡುಕ ಅನ್ನಿಸಿಕೊಂಡಿದ್ದೆ. ಈಗ ಸುಳ್ಳನೂ ಆದೆ.’

ಭಜನೆಯಿಂದ, ಹರಕೆಯಿಂದ ಕುಡಿತ ಬಿಟ್ಟವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಊರೂರಿನ ಮದ್ಯವರ್ಜನ ಶಿಬಿರಗಳಿಂದ ಬದುಕು ಕಟ್ಟಿಕೊಂಡ ಸಂಸಾರಗಳನ್ನು ನಾನೇ ಬಲ್ಲೆ. ಅವರ ದಾರಿ ಅವರಿಗೆ ಸರಿ. ಆದರೆ ಆ ದಾರಿ ಹಿಡಿಯಲಾಗದವನಿಗೆ ಬೇರೆ ದಾರಿಯೇ ಇಲ್ಲ ಎಂದು ಹೇಳುವುದು ಸುಳ್ಳು, ಮತ್ತು ಅದು ಜೀವ ತೆಗೆಯುವ ಸುಳ್ಳು.

ಈ ಗೊಂದಲದ ಬೇರು ಅಮೆರಿಕದಲ್ಲಿದೆ. 1935ರಲ್ಲಿ ಓಹಾಯೊ ರಾಜ್ಯದ ಆ್ಯಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ವ್ಯವಹಾರಸ್ಥ ಮತ್ತು ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ, ಇಬ್ಬರೂ ಕುಡುಕರೇ, ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಡಿತ ಬಿಟ್ಟರು. ಅಲ್ಲಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಪಂಗಡದ ಪ್ರಭಾವದಲ್ಲಿದ್ದವರು. ಪಾಪನಿವೇದನೆ, ಶರಣಾಗತಿ, ಪ್ರಾಯಶ್ಚಿತ್ತ ಎಂಬ ಅದರ ಕ್ರಮವೇ 1939ರ ಪುಸ್ತಕದಲ್ಲಿ ಹನ್ನೆರಡು ಹೆಜ್ಜೆಗಳಾಗಿ ಅಚ್ಚಾಯಿತು. ಆ ಹನ್ನೆರಡರಲ್ಲಿ ಆರು ಹೆಜ್ಜೆಗಳು ದೇವರನ್ನೋ ‘ನಮಗಿಂತ ದೊಡ್ಡ ಶಕ್ತಿ’ಯನ್ನೋ ನೆನೆಯುತ್ತವೆ. ಮುಂದೆ ಜಗತ್ತಿನ ಅನೇಕ ವ್ಯಸನಮುಕ್ತಿ ಕೇಂದ್ರಗಳು ಈ ಹೆಜ್ಜೆಗಳನ್ನೇ ಪಠ್ಯವಾಗಿ ಇಟ್ಟುಕೊಂಡವು. ನಮ್ಮಲ್ಲೂ ಅನೇಕ ಕೇಂದ್ರಗಳು ಅದಕ್ಕೆ ನಮ್ಮ ದೇವರನ್ನು ಸೇರಿಸಿ ನಡೆಸುತ್ತಿವೆ.

ತಕರಾರು ಮೊದಲ ದಿನದಿಂದಲೇ ಇತ್ತು ಎನ್ನುವುದು ಹೆಚ್ಚಿನವರಿಗೆ ತಿಳಿದಿಲ್ಲ. ಎಎ ಆರಂಭದ ಸದಸ್ಯರಲ್ಲಿ ಜಿಮ್ ಬರ್ವೆಲ್ ಎಂಬ ಹಟಮಾರಿ ನಾಸ್ತಿಕನಿದ್ದ. ಹೆಜ್ಜೆಗಳಲ್ಲಿ ಬರುವ ‘ದೇವರು’ ಎಂಬ ಮಾತಿನ ಜೊತೆಗೆ ‘ನಾವು ಅರ್ಥಮಾಡಿಕೊಂಡಂತೆ’ ಎಂಬ ಪದಗಳು ಸೇರಿದ್ದರ ಹಿಂದೆ ಅವನ ಜಗಳವಿದೆ. ಆ ಸಣ್ಣ ಬಿರುಕಿನಲ್ಲೇ ಎಷ್ಟೋ ಮಂದಿ ನಂಬದವರು ಒಳಗೆ ಕುಳಿತುಕೊಂಡರು. ಗುಂಪನ್ನೇ ದೊಡ್ಡ ಶಕ್ತಿ ಎಂದುಕೊಂಡವರಿದ್ದರು, ಪ್ರಕೃತಿ ಎಂದುಕೊಂಡವರೂ ಇದ್ದರು. 1975ರಲ್ಲಿ ಶಿಕಾಗೊದಲ್ಲಿ ಎಎ ಒಳಗೇ ಅಜ್ಞೇಯವಾದಿಗಳ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರ, ಪ್ರತ್ಯೇಕ ಸಭೆ ಶುರುವಾಯಿತು. ಆದರೂ ಮನಸ್ತಾಪ ಮುಗಿಯಲಿಲ್ಲ. 2011ರಲ್ಲಿ ಟೊರೊಂಟೊ ನಗರದ ಎಎ ಸಮಿತಿ, ಹೆಜ್ಜೆಗಳಿಂದ ದೇವರ ಹೆಸರು ತೆಗೆದಿದ್ದ ಗುಂಪುಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಒಬ್ಬ ಸದಸ್ಯರು ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋದ ಮೇಲೆಯೇ, 2017ರಲ್ಲಿ, ಅವು ಪಟ್ಟಿಗೆ ಮರಳಿದವು. ಅದಕ್ಕೂ ಮೊದಲು, 1996ರಲ್ಲಿ, ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಒಬ್ಬ ನಂಬದ ಕೈದಿಯ ಪರವಾಗಿ ತೀರ್ಪು ಕೊಟ್ಟಿತ್ತು. ಹನ್ನೆರಡು ಹೆಜ್ಜೆಗಳ ತರಗತಿಗೆ ಹೋದರೆ ಮಾತ್ರ ಕುಟುಂಬದ ಭೇಟಿಯ ಸೌಲಭ್ಯ ಎಂದು ಜೈಲು ಹೇಳುವಂತಿಲ್ಲ, ಅದು ಧರ್ಮವನ್ನು ಬಲವಂತವಾಗಿ ಹೇರಿದಂತೆ ಎಂದಿತು.

ಹೊರಗೆ ಹೋಗಿ ಹೊಸ ಮನೆ ಕಟ್ಟಿದವರೂ ಇದ್ದಾರೆ. ಸಮಾಜಶಾಸ್ತ್ರಜ್ಞೆ ಜೀನ್ ಕರ್ಕ್‌ಪ್ಯಾಟ್ರಿಕ್ 1975ರಲ್ಲಿ ‘ವಿಮೆನ್ ಫಾರ್ ಸೊಬ್ರೈಟಿ’ ಆರಂಭಿಸಿದರು. ಎಎ ಮೊದಲ ಹೆಜ್ಜೆಯೇ ‘ನಾನು ಅಸಹಾಯಕ’ ಎಂದು ಒಪ್ಪಿಕೊಳ್ಳುವುದು. ಹುಟ್ಟಿದಂದಿನಿಂದ ಅಸಹಾಯಕಳೆಂದೇ ಹೇಳಿಸಿಕೊಂಡ ಹೆಣ್ಣಿಗೆ ಮತ್ತೆ ಅದನ್ನೇ ಹೇಳಿಕೊಡುವುದರಲ್ಲಿ ಏನು ಔಷಧವಿದೆ ಎಂಬುದು ಅವರ ಪ್ರಶ್ನೆ. ನಮ್ಮ ಹೆಣ್ಣುಮಕ್ಕಳ ಮಟ್ಟಿಗೂ ಈ ಪ್ರಶ್ನೆ ಸತ್ಯ. 1985ರಲ್ಲಿ ಜೇಮ್ಸ್ ಕ್ರಿಸ್ಟೊಫರ್ ದೇವರ ನೆರವಿಲ್ಲದೆ ತಾನು ಕುಡಿತ ಬಿಟ್ಟ ಬಗೆಯನ್ನು ಬರೆದರು. ಅದನ್ನು ಓದಿ ಬಂದ ಪತ್ರಗಳಿಂದ ಎಸ್‌ಒಎಸ್ (ಸೆಕ್ಯುಲರ್ ಆರ್ಗನೈಸೇಷನ್ಸ್ ಫಾರ್ ಸೊಬ್ರೈಟಿ) ಎಂಬ ಸಂಸ್ಥೆ ಬೆಳೆಯಿತು. ಅದರ ಕವಲಾಗಿ ಮುಂದೆ ಲೈಫ್‌ರಿಂಗ್ ಬಂತು. ಇವುಗಳಲ್ಲಿ ಇಂದು ಹೆಚ್ಚು ಹರಡಿರುವುದು 1994ರಲ್ಲಿ ಈ ಹೆಸರು ಪಡೆದ ಸ್ಮಾರ್ಟ್ ರಿಕವರಿ. ಅಲ್ಲಿ ಹೆಜ್ಜೆಗಳಿಲ್ಲ, ‘ಕುಡುಕ’ ಎಂದು ತನ್ನನ್ನು ತಾನೇ ಕರೆದುಕೊಳ್ಳಬೇಕಾಗಿಲ್ಲ. ಮನೋವಿಜ್ಞಾನದಿಂದ ತೆಗೆದುಕೊಂಡ ಕೆಲವು ಸಲಕರಣೆಗಳಿವೆ, ಅವನ್ನು ಕುಳಿತು ಅಭ್ಯಾಸ ಮಾಡುವುದೇ ಸಭೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಇವು ಸುಲಭವಾಗಿ ಸಿಗುತ್ತವೆ. ಇಂಗ್ಲಿಷ್ ಬಲ್ಲವರು ಇಲ್ಲಿಂದಲೇ ಆನ್‌ಲೈನ್ ಸಭೆಗೆ ಕೂರಬಹುದು.

ಇವು ಕೆಲಸ ಮಾಡುತ್ತವೆಯೇ? 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 647 ಜನರನ್ನು ಒಂದು ವರ್ಷ ಹಿಂಬಾಲಿಸಿ ನೋಡಿತು. ಪೂರ್ತಿ ಬಿಡಬೇಕೆಂಬ ಗುರಿ ಅಷ್ಟೇ ಗಟ್ಟಿಯಾಗಿದ್ದವರಲ್ಲಿ ಹನ್ನೆರಡು ಹೆಜ್ಜೆಗಳ ಗುಂಪಿಗೂ ಧರ್ಮದ ಹಂಗಿಲ್ಲದ ಈ ಗುಂಪುಗಳಿಗೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆಯನ್ನೂ ಹೇಳಬೇಕು. 2020ರಲ್ಲಿ 27 ಅಧ್ಯಯನಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ಎಎಗೆ ಕೈಹಿಡಿದು ಸೇರಿಸುವ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಕಡಿಮೆಯೇನಲ್ಲ, ಪೂರ್ತಿ ಬಿಡುವ ವಿಷಯದಲ್ಲಿ ಒಂದು ಕೈ ಮೇಲೆಯೇ ಎಂದು ಹೇಳಿತು. ದೇವರನ್ನು ನಂಬದವರು ಎಎಗೆ ಕಡಿಮೆ ಹೋಗುತ್ತಾರೆ, ಆದರೆ ಹೋದವರಿಗೆ ನಂಬುವವರಷ್ಟೇ ಪ್ರಯೋಜನವಾಗುತ್ತದೆ ಎಂಬುದೂ ಅಧ್ಯಯನದಿಂದ ತಿಳಿದಿದೆ. ಎಎ ಏಕೆ ಫಲ ಕೊಡುತ್ತದೆ ಎಂದು ಬಿಡಿಸಿ ನೋಡಿದ ಸಂಶೋಧಕರಿಗೆ ದೊಡ್ಡದಾಗಿ ಸಿಕ್ಕಿದ್ದು ಎರಡು: ಕುಡಿಯುವ ಗೆಳೆಯರ ಜಾಗದಲ್ಲಿ ಕುಡಿಯದ ಗೆಳೆಯರು ಬರುತ್ತಾರೆ, ಮತ್ತು ‘ನನ್ನಿಂದ ಆಗುತ್ತದೆ’ ಎಂಬ ಧೈರ್ಯ ಬೆಳೆಯುತ್ತದೆ. ಚಟ ಬಹಳ ಆಳವಾಗಿದ್ದವರಲ್ಲಿ ಅಧ್ಯಾತ್ಮದ ಪಾಲೂ ಇದೆ. ಮಾಲೆ ಹಾಕಿದವನ ಸಂಜೆಗಳನ್ನು ನೆನೆಸಿಕೊಂಡರೆ ಇದು ಅಚ್ಚರಿಯೇನಲ್ಲ. ಊರಿನಲ್ಲಿ ಎಎ ಬಿಟ್ಟರೆ ಬೇರೆ ಗುಂಪಿಲ್ಲದಿದ್ದರೆ ಪ್ರಾರ್ಥನೆಯ ಹೊತ್ತಿಗೆ ಸುಮ್ಮನೆ ಕುಳಿತು, ಉಳಿದ ಹೊತ್ತು ಕಿವಿಗೊಡುವುದರಲ್ಲಿ ನನಗೆ ಅಪ್ರಾಮಾಣಿಕತೆ ಕಾಣುವುದಿಲ್ಲ.

ಆದರೆ ಗುಂಪು ಎರಡನೆಯ ಮಾತು. ಮೊದಲನೆಯದು ದೇಹ. ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ವ್ಯರ್ಥವಾದ್ದರಿಂದ ಬಿಡಿಸಿ ಹೇಳುತ್ತೇನೆ.

ವರ್ಷಗಟ್ಟಲೆ ದಿನವೂ ಕುಡಿದ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನು ತಾನೇ ಬಿಗಿದುಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಬಿಗಿತ ಎದುರಾಳಿ ಇಲ್ಲದೆ ಸ್ಫೋಟಿಸುತ್ತದೆ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಎದೆಬಡಿತ, ನಿದ್ದೆಗೇಡು. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುತ್ತದೆ; ಎಲ್ಲಿದ್ದೇವೆಂಬ ಅರಿವೇ ತಪ್ಪುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ಮಂತ್ರ ಹಾಕಿಸಲು ಕರೆದೊಯ್ಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ಪ್ರಾಣಕ್ಕೆ ಅಪಾಯ ತರುವ ಸ್ಥಿತಿ, ಆಸ್ಪತ್ರೆಯಲ್ಲಿ ಗುಣವಾಗುವ ಸ್ಥಿತಿ. ಡಯಾಜೆಪಾಮ್, ಲೊರಾಜೆಪಾಮ್‌ನಂಥ ಔಷಧಗಳನ್ನು ವೈದ್ಯರು ಕೊಟ್ಟು, ಸುಮಾರು ವಾರದಲ್ಲಿ ಇಳಿಸುತ್ತಾ ಬರುತ್ತಾರೆ. ಜೊತೆಗೆ ಬಿ1 ಜೀವಸತ್ವ, ಅಂದರೆ ಥಯಮಿನ್, ಕೊಡುತ್ತಾರೆ; ಅದು ತಪ್ಪಿದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಬಹುದು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ ಕುಡಿಯಬೇಕಾಗುವವರು ಮನೆಯಲ್ಲಿ ಒಬ್ಬರೇ ಹಟ ಹಿಡಿದು ನಿಲ್ಲಿಸಬಾರದು. ವ್ರತಕ್ಕಾಗಿ ನಿಲ್ಲಿಸುವವರಿಗೂ ಈ ಮಾತು ಅನ್ವಯ.

ವಾರ ಕಳೆದ ಮೇಲೆ ಹಂಬಲ ತಗ್ಗಿಸುವ ಔಷಧಗಳಿವೆ. ನಾಲ್‌ಟ್ರೆಕ್ಸೋನ್ ಕುಡಿದಾಗ ಸಿಗುವ ಸುಖವನ್ನೇ ಮಂದ ಮಾಡುತ್ತದೆ, ಅಕಾಂಪ್ರೊಸೇಟ್ ಬಿಟ್ಟ ಮೇಲಿನ ಚಡಪಡಿಕೆಯನ್ನು ಇಳಿಸುತ್ತದೆ. ಯಕೃತ್ತು, ಮೂತ್ರಪಿಂಡ ನೋಡಿ ಯಾವುದು ಎಂದು ವೈದ್ಯರೇ ತೀರ್ಮಾನಿಸಬೇಕು. ಡೈಸಲ್ಫಿರಾಮ್ ಬೇರೆ ಜಾತಿಯದು. ಅದನ್ನು ನುಂಗಿದವನು ಕುಡಿದರೆ ಮದ್ಯ ದೇಹದಲ್ಲಿ ಅರ್ಧಕ್ಕೆ ಒಡೆದು ವಿಷದಂತೆ ನಿಲ್ಲುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ತಿಳಿದು, ಒಪ್ಪಿ ನುಂಗುವವನಿಗೆ ಅದು ಬೇಲಿ. ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತು ನೋಡಿ ಏನನ್ನೋ ತರಿಸಿ ಸಾರಿನಲ್ಲಿ ಬೆರೆಸುವುದು ಮಾತ್ರ ಕೊಲೆಗೆ ಸಮ.

ಇನ್ನು ಮನಸ್ಸು. ನನ್ನ ಗೆಳೆಯನ ಕಥೆ ಇಲ್ಲಿಂದ ಬದಲಾಯಿತು. ಎರಡನೆಯ ಸಲ ಅವನು ಹೋದದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಅಲ್ಲಿಯ ಆಪ್ತಸಮಾಲೋಚಕರು ‘ಬಿಡುತ್ತೀರಾ?’ ಎಂದು ಕೇಳಲಿಲ್ಲ. ಒಂದು ಹಾಳೆಯನ್ನು ನಾಲ್ಕು ಮನೆ ಮಾಡಿಸಿದರು: ಕುಡಿದರೆ ಏನು ಲಾಭ, ಏನು ನಷ್ಟ, ಬಿಟ್ಟರೆ ಏನು ಲಾಭ, ಏನು ನಷ್ಟ. ಅವನು ಬರೆದದ್ದು ಕಿರುಪರೀಕ್ಷೆಯ ಉತ್ತರಪತ್ರಿಕೆಯೊಂದರ ಹಿಂದಿನ ಖಾಲಿ ಪುಟದ ಮೇಲೆ. ನಷ್ಟದ ಮನೆಗಳು ಎಲ್ಲರೂ ಊಹಿಸುವಂಥವೇ. ಮೊದಲ ಮನೆಯನ್ನು ತುಂಬಿಸಲು ಅವನಿಗೆ ಅರ್ಧ ಗಂಟೆ ಬೇಕಾಯಿತಂತೆ. ಕೊನೆಗೆ ಬರೆದ: ‘ಸಂಜೆ ಏಳರಿಂದ ಒಂಬತ್ತರವರೆಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.’ ನಾಲ್ಕನೆಯದರಲ್ಲಿ: ‘ಮೂಲೆ ಮೇಜಿನ ಮೂವರು ಗೆಳೆಯರು ಹೋಗುತ್ತಾರೆ.’ ಯಾವ ಪ್ರವಚನವೂ ಅವನಿಂದ ಹೊರತೆಗೆಯದ ಎರಡು ಸಾಲುಗಳಿವು. ಅವನಿಗೆ ಬೇಕಾಗಿದ್ದದ್ದು ಎರಡು ಗಂಟೆಯ ಬಿಡುವು ಮತ್ತು ಮೂರು ಜನರ ಸಂಗ. ಅವೆರಡಕ್ಕೂ ಬೇರೆ ಜಾಗ ಹುಡುಕಬೇಕು ಎಂಬಲ್ಲಿಂದ ಚಿಕಿತ್ಸೆ ಶುರುವಾಯಿತು.

ಹೀಗೆ ಬಿಡುವ ಕಾರಣವನ್ನು ಕುಡಿಯುವವನ ಬಾಯಿಂದಲೇ ಹೊರಡಿಸುವ ಮಾತಿನ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿದರು. ಇನ್ನೊಬ್ಬರು ಹೇಳಿದ ಕಾರಣಕ್ಕೆ ಮನಸ್ಸು ವಾದ ಹೂಡುತ್ತದೆ, ತಾನೇ ಹೇಳಿಕೊಂಡ ಕಾರಣದ ಜೊತೆ ವಾದಿಸುವುದು ಕಷ್ಟ.

ಹಂಬಲ ಬಂದಾಗ ಏನು ಮಾಡುವುದು? ಅಮೆರಿಕದ ಸಿಯಾಟಲ್‌ನ ಮನೋವಿಜ್ಞಾನಿ ಅಲನ್ ಮಾರ್ಲಟ್ ಇದನ್ನು ಅಲೆಗೆ ಹೋಲಿಸಿದರು. ಅಲೆ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಏರುವಾಗ ಅದು ಇಳಿಯುವುದೇ ಇಲ್ಲ ಎನಿಸುತ್ತದೆ, ಅಷ್ಟೇ. ಅದರ ಜೊತೆ ಗುದ್ದಾಡದೆ, ಅದು ಮೈಯಲ್ಲಿ ಎಲ್ಲಿದೆ ಎಂದು ಗಮನಿಸುತ್ತಾ ಕುಳಿತರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಮೇಷ್ಟ್ರು ಗಡಿಯಾರ ಹಿಡಿದು ಇದನ್ನು ಪರೀಕ್ಷೆ ಮಾಡಿದ. ಗಂಟಲಿನಿಂದ ಶುರು, ಆಮೇಲೆ ದವಡೆ, ಹದಿನೆಂಟನೆಯ ನಿಮಿಷಕ್ಕೆ ಸಡಿಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ.

ಆದರೆ ಮಾರ್ಲಟ್ ಕಂಡುಕೊಂಡದ್ದರಲ್ಲಿ ನಮ್ಮವರಿಗೆ ಅತ್ಯಂತ ಬೇಕಾದದ್ದು ಇನ್ನೊಂದು. ಬಿಟ್ಟವನು ಒಮ್ಮೆ ಜಾರಿ ಒಂದು ಲೋಟ ಕುಡಿದಾಗ ಅವನನ್ನು ಹಾಳು ಮಾಡುವುದು ಆ ಲೋಟಕ್ಕಿಂತ ಹೆಚ್ಚಾಗಿ ಅದಕ್ಕೆ ಅವನು ಕೊಡುವ ಅರ್ಥ. ‘ಮುರಿಯಿತು, ಎಲ್ಲ ಮುರಿಯಿತು, ನಾನು ಇಷ್ಟೇ’ ಎಂದುಕೊಂಡವನು ಬಾಟಲಿ ಮುಗಿಸುತ್ತಾನೆ. ‘ಎಲ್ಲಿ ಜಾರಿದೆ?’ ಎಂದು ಕೇಳಿಕೊಂಡವನು ಅಲ್ಲೇ ನಿಲ್ಲಬಲ್ಲ. ಈಗ ನಮ್ಮ ಆಣೆಯನ್ನು ಯೋಚಿಸಿ. ತಾಯಿಯ ತಲೆ ಮೇಲೆ ಕೈಯಿಟ್ಟು, ಮಂಜುನಾಥನ ಹೆಸರು ಹೇಳಿ, ಮಗುವನ್ನು ಮುಟ್ಟಿ ಮಾಡಿಸುವ ಆಣೆ. ಅದು ಹಿಡಿದಷ್ಟು ದಿನ ಗಟ್ಟಿಯಾಗಿಯೇ ಹಿಡಿಯುತ್ತದೆ. ಮುರಿದ ಕ್ಷಣ ಒಂದು ಲೋಟದ ತಪ್ಪು ತಾಯಿಯ ಆಯುಸ್ಸಿನ ತನಕ ಬೆಳೆದುಬಿಡುತ್ತದೆ. ಅಷ್ಟು ದೊಡ್ಡ ಪಾಪ ಹೊತ್ತವನಿಗೆ ಮರೆಯಲು ಇರುವ ಮದ್ದು ಒಂದೇ, ಅದು ಅಂಗಡಿಯಲ್ಲಿ ಸಿಗುತ್ತದೆ. ನಂಬುವವನಿಗೇ ಈ ಗತಿ. ನಂಬದವನಿಗೆ ಪಾಪದ ಜೊತೆಗೆ ಸುಳ್ಳಾಡಿದ ಅವಮಾನವೂ ಸೇರುತ್ತದೆ.

ಎಪ್ಪತ್ತೆರಡು ದಿನ ಬಿಟ್ಟಿದ್ದ ನನ್ನ ಗೆಳೆಯ ಒಂದು ಬೀಗರೂಟದಲ್ಲಿ ಜಾರಿದ. ಈ ಸಲ ಮರುದಿನವೇ ಆಸ್ಪತ್ರೆಗೆ ಹೋಗಿ ಹೇಳಿದ. ಸಮಾಲೋಚಕರು ಪ್ರಯೋಗದ ವರದಿ ಬರೆಸುವಂತೆ ಕೇಳಿದರು: ಎಷ್ಟು ಹೊತ್ತಿಗೆ, ಯಾರ ಜೊತೆ, ಅದಕ್ಕೂ ಮುಂಚೆ ಊಟ ಆಗಿತ್ತೇ, ಮನಸ್ಸಿನಲ್ಲಿ ಓಡಿದ ಮಾತು ಯಾವುದು. ಓಡಿದ ಮಾತು, ‘ಬೇಡ ಎಂದರೆ ಅವರಿಗೆ ಬೇಜಾರಾಗುತ್ತದೆ.’ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ಕಟ್ಟಿದ ಚಿಕಿತ್ಸೆಯ ತಿರುಳು ಇದೇ: ಘಟನೆ ಮತ್ತು ವರ್ತನೆಯ ನಡುವೆ ಒಂದು ನಂಬಿಕೆ ಅಡಗಿರುತ್ತದೆ, ಅದನ್ನು ಹೊರಗೆಳೆದು ಪ್ರಶ್ನಿಸಬೇಕು. ಬೀಗರಿಗೆ ಬೇಜಾರಾದರೆ ಏನಾಗುತ್ತದೆ? ಎಷ್ಟು ದಿನ ಇರುತ್ತದೆ? ವಿಜ್ಞಾನದ ಮೇಷ್ಟ್ರಿಗೆ ಈ ಭಾಷೆ ತನ್ನದೇ ಎನಿಸಿತು. ಎಪ್ಪತ್ತೆರಡು ದಿನ ಸೊನ್ನೆಯಾಗಲಿಲ್ಲ, ಎಪ್ಪತ್ತೆರಡಾಗಿಯೇ ಉಳಿದವು.

ಯಾವ ಚಿಕಿತ್ಸೆ ಎಲ್ಲಕ್ಕಿಂತ ಮೇಲು ಎಂದು ಹುಡುಕಿ ದಣಿಯಬೇಡಿ. 1997ರಲ್ಲಿ ಫಲಿತಾಂಶ ಹೊರಬಂದ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ಅಮೆರಿಕದ ಅಧ್ಯಯನ 1,726 ಜನರನ್ನು ಮೂರು ಬಗೆಯ ಚಿಕಿತ್ಸೆಗೆ ಹಂಚಿ ನೋಡಿತ್ತು. ಮೂರೂ ಹೆಚ್ಚುಕಡಿಮೆ ಸಮನಾಗಿ ನೆರವಾದವು. ನಮ್ಮ ಸಂಕಟ ಬೇರೆಯೇ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಒಬ್ಬರಿಗೆ ಹೊಂದದ ಬಾಗಿಲನ್ನೇ ತೋರಿಸಿ ‘ಇದೊಂದೇ’ ಎನ್ನುವಷ್ಟು ಬಾಗಿಲುಗಳ ಬರ ನಮ್ಮಲ್ಲಿ ಈಗಾಗಲೇ ಇದೆ.

ಕರ್ನಾಟಕದಲ್ಲಿ ಭಜನೆಯಿಲ್ಲದ ಬಾಗಿಲು ಸರ್ಕಾರಿ ಆಸ್ಪತ್ರೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಇಡೀ ದೇಶ ಇಂದು ಕರೆಯುವುದರ ಮೊದಲ ಮಾದರಿ ನಮ್ಮ ಬಳ್ಳಾರಿಯಲ್ಲೇ ನಡೆದದ್ದು. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು. ಮಾದಕ ವಸ್ತುಗಳ ವಿಷಯಕ್ಕೆ 14446 ಇದೆ. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ, ಪ್ರಾರ್ಥನೆ ಕಡ್ಡಾಯವೇ ಎಂದು ನೇರವಾಗಿ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವ್ಯಸನದಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಚಿಕಿತ್ಸೆಯಲ್ಲಿ ಧರ್ಮದ ಆಧಾರದ ತಾರತಮ್ಯ ಸಲ್ಲದು ಎನ್ನುತ್ತದೆ, ಬಲವಂತವಾಗಿ ತಲೆ ಬೋಳಿಸುವುದನ್ನೂ ನಿಷೇಧಿಸುತ್ತದೆ.

ಮನೆಯವರ ಪಾಲು ಉಳಿಯಿತು. ಗೆಳೆಯನ ತಾಯಿ ದೈವಭಕ್ತೆ. ‘ನೀನಾದರೂ ಹೇಳಪ್ಪ, ಒಂದು ಆಣೆ ಮಾಡಿದರೆ ಅವನ ಗಂಟೇನು ಹೋಗುತ್ತದೆ?’ ಎಂದು ನನ್ನನ್ನು ಎಷ್ಟೋ ಸಲ ಕೇಳಿದ್ದರು. ಅಮೆರಿಕದಲ್ಲಿ ಮನೋವಿಜ್ಞಾನಿ ರಾಬರ್ಟ್ ಮೇಯರ್ಸ್ ರೂಪಿಸಿದ ಒಂದು ಕ್ರಮವಿದೆ. ಕುಡಿಯುವವನನ್ನು ಬಿಟ್ಟು ಮೊದಲು ಮನೆಯವರಿಗೆ ಕಲಿಸುವುದು ಅದರ ವಿಶೇಷ. ಕುಡಿಯದೆ ಬಂದ ದಿನ ಅವನ ಜೊತೆ ಕೂರಬೇಕು, ಮಾತನಾಡಬೇಕು, ಅವನಿಗೆ ಇಷ್ಟವಾದದ್ದು ಮಾಡಬೇಕು. ಕುಡಿದು ಬಂದಾಗ ಜಗಳವಿಲ್ಲ, ಉಪಚಾರವೂ ಇಲ್ಲ. ಅವನ ಕುಡಿತದ ಪರಿಣಾಮವನ್ನು ಅವನಿಂದ ಮುಚ್ಚಿಡಬಾರದು. ಹೊಡೆತ ಬೀಳುವ ಮನೆಯಾದರೆ ಮಾತ್ರ ಮೊದಲು ತಮ್ಮ ಮತ್ತು ಮಕ್ಕಳ ಸುರಕ್ಷತೆ.

ಸಮಾಲೋಚಕರು ಇದನ್ನು ಆ ತಾಯಿಗೆ ಅವರ ಮಾತಿನಲ್ಲೇ ತಿಳಿಸಿದರು. ಅವರು ದೇವರ ಗೂಡಿನಲ್ಲಿ ಮುಡಿಪು ಕಟ್ಟಿಟ್ಟಿದ್ದು ಹಾಗೆಯೇ ಇದೆ, ಅದನ್ನು ಬಿಚ್ಚೆಂದು ಯಾರೂ ಹೇಳಲಿಲ್ಲ. ಆದರೆ ಬೀಗರೂಟದ ಮರುದಿನ ಬೆಳಿಗ್ಗೆ, ಇಷ್ಟು ವರ್ಷ ‘ಮಗನಿಗೆ ಜ್ವರ’ ಎಂದು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡುತ್ತಿದ್ದ ಅವರು, ಫೋನನ್ನು ಅವನ ಕೈಗೇ ಕೊಟ್ಟು ಒಳಗೆ ಹೋದರು. ಅವನು ಆಸ್ಪತ್ರೆಯಿಂದ ಬಂದಾಗ ಸಂಜೆ ಏಳಾಗಿತ್ತು. ಅಮ್ಮ ಆಣೆಯ ಮಾತೆತ್ತಲಿಲ್ಲ. ಅಕ್ಕಿರೊಟ್ಟಿ ತಟ್ಟುತ್ತಾ, ‘ಕೂತುಕೋ, ಬಿಸಿ ಇದೆ’ ಎಂದರು. ಒಂಬತ್ತರವರೆಗೂ ಏನನ್ನೂ ಕೇಳಲಿಲ್ಲ.